ಕೌದಿಯೊಳಗಿನ ಚೀಲ

ಮೊನ್ನೆ ವಾಡಿಯ ನಮ್ಮ ಅಂಗಳದಲ್ಲಿ ಅವ್ವ ಹಳೆಯ ಕೌದಿಯೊಂದನ್ನು ಹಗ್ಗದ ಮೇಲೆ ಹರವಿ ಕೋಲಿನಿಂದ ಬಡಿದಳು. ಎದ್ದ ಬೂದು ಧೂಳಿನಲ್ಲಿ ನನ್ನ ಬಾಲ್ಯದ ವಾಸನೆಯಿತ್ತು. ನಿಮ್ಮ ಬಾಲ್ಯಕ್ಕೆ ಮಲ್ಲಿಗೆಯದೋ ಬೆಲ್ಲದ್ದೋ ವಾಸನೆ ಇದ್ದೀತು, ನಮ್ಮದಕ್ಕೆ ಸಿಮೆಂಟಿನದು.

ಅಪ್ಪ ಗೌಂಡಿ, ಗೋಡೆ ಕಟ್ಟುವ ಕೆಲಸ. ಅಲ್ಲಿಂದ ಬರುವಾಗ ಸಿಮೆಂಟು ಖಾಲಿಯಾದ ಸೆಣಬಿನ ಚೀಲಗಳನ್ನು ತರುತ್ತಿದ್ದ. ನಾನೂ ತಂಗಿ ಶಾಂತಾಳೂ ಅವನ್ನು ಗೋಡೆಗೆ ಬಡಿದು ಜಾಡಿಸುತ್ತಿದ್ದೆವು. ಯಾರು ಹೆಚ್ಚು ಬೆಳ್ಳಗಾದರೋ ಅವರೇ ಗೆದ್ದಂತೆ. ಆ ಚೀಲವನ್ನು ನಡುವೆ ಇಟ್ಟು, ಮೇಲೆ ಕೆಳಗೆ ಹಳೆಯ ಸೀರೆ ಜೋಡಿಸಿ ಅವ್ವ ಕೌದಿ ಹೊಲಿಯುತ್ತಿದ್ದಳು. ಚೀಲವಿದ್ದರೆ ನೆಲದ ಕಲ್ಲಿನ ಥಂಡಿ ಕೂಸಿಗೆ ತಾಕದೆಂದು ನಮ್ಮ ಓಣಿಯ ಹೆಂಗಸರ ನಂಬಿಕೆ. ಮುಂದೆ ನಾನು ಕಾಲೇಜಿನಲ್ಲಿ ಸಿಮೆಂಟಿನ ರಸಾಯನಶಾಸ್ತ್ರ ಬರೆದು ಒಳ್ಳೆಯ ಅಂಕ ಪಡೆದೆ, ಅದೇ ಕೌದಿಯ ಮೇಲೆ ಕುಳಿತು ಓದಿ.

ಕಳೆದ ತಿಂಗಳು ಶಾಂತಾಳನ್ನು ಹೆರಿಗೆಗೆಂದು ಸೇಡಂನಿಂದ ಕರೆತರುವಾಗ ಬಸ್ಸಿನಲ್ಲೇ ಅವಳ ಉಸಿರು ಕಟ್ಟಿತು. ನನ್ನ ತೋಳು ಹಿಡಿದಿದ್ದ ಬೆರಳುಗಳು ಸಡಿಲವಾದ ಆ ಗಳಿಗೆ ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಆಸ್ಪತ್ರೆಯಲ್ಲಿ ಉಸಿರು ಮರಳಿದ ಮೇಲೆ ವೈದ್ಯೆ ಕೇಳಿದರು: "ಸಣ್ಣಾಕಿ ಇದ್ದಾಗ ಎಂಥಾ ಧೂಳದಾಗ ಬೆಳದೀರಿ?" ಇದೇ ಕಾರಣವೆಂದು ಖಂಡಿತ ಹೇಳಲಾರೆ, ಆದರೆ ಶ್ವಾಸಕೋಶ ಬೆಳೆಯುವ ವಯಸ್ಸಿನಲ್ಲಿ ಧೂಳು ಮಾಡಿದ ಹಾನಿ ದೊಡ್ಡವರಾದ ಮೇಲೂ ಉಳಿಯಬಹುದು ಎಂದರು.

ಈಗ ಅದೇ ಕೌದಿ ಹುಟ್ಟಲಿರುವ ಕೂಸಿಗೆ.

"ಅವ್ವಾ, ಇದು ಬ್ಯಾಡ," ಎಂದೆ.

"ಯಾಕ? ನಿಮ್ಮಿಬ್ಬರಿಗೂ ಇದರ ಮ್ಯಾಲೇ ಸಾಕೀನಿ. ಸತ್ರೇನು? ಭಾಳ ಓದೀನಂತ ಕೌದಿಗೂ ಪರೀಕ್ಷಾ ಮಾಡ್ಲಿಕತ್ತೀಯೇನು?"

ಶಾಂತಾ ಹೊಸ್ತಿಲಲ್ಲಿ ನಿಂತೇ ಹೇಳಿದಳು: "ಸತ್ತಿಲ್ಲವ್ವಾ. ಬಸ್ಸಿನಾಗ ಸ್ವಲ್ಪದಾಗ ಉಳದೀನಿ."

ಅವ್ವ ಕೋಲು ಕೆಳಗಿಟ್ಟಳು. "ಎಷ್ಟ್ ಸಲ ಒಗದೀನಿ ಇದನ್ನ," ಎಂದಳು, ದನಿ ತಗ್ಗಿಸಿ.

ನಾನು ಒಂದು ಅಂಚು ಬಿಚ್ಚಿ ತೋರಿಸಿದೆ. ಒಗೆದ ನೀರಿಗೇ ಸಿಮೆಂಟು ಸೆಣಬಿನ ಎಳೆಗಳಲ್ಲಿ ಕಲ್ಲಾಗಿ ಕೂತಿತ್ತು. ಬಡಿದಾಗಲೆಲ್ಲ ಪುಡಿಯಾಗಿ ಏಳುತ್ತಿತ್ತು. ಅವ್ವ ಒಂದು ಹರಳನ್ನು ಬೆರಳಲ್ಲಿ ಹೊಸಕಿ ನೋಡಿದಳು.

"ಶಾಂತಾ, ನೀ ಒಳಗ ಹೋಗು," ಎಂದಳು. ಆಮೇಲೆ ನನಗೆ: "ಮೂಗಿಗೆ ವಸ್ತ್ರ ಕಟ್ಕೋ. ಮದಲ ನೀರ್ ಹಾಕು, ಧೂಳಾ ಏಳಬಾರ್ದು."

ನೆನೆದ ಕೌದಿಯನ್ನು ಇಡಿಯಾಗಿ ತಿಪ್ಪೆಗೆ ಹಾಕಿಸಿದಳು; ಚೀಲದ ಜೊತೆ ಸೀರೆಗಳನ್ನೂ ಅವಳು ಉಳಿಸಲಿಲ್ಲ.

ಇವತ್ತು ಹೊಸ ಕೌದಿ ಮುಗಿಯುತ್ತಿದೆ, ಒಗೆದ ಬೇರೆ ನೂಲಿನ ಸೀರೆಗಳದ್ದೇ. ಕೊನೆಯ ಮೂಲೆ ಮುಚ್ಚುವ ಮುನ್ನ ರೊಟ್ಟಿಯ ಚೂರೊಂದನ್ನು ಒಳಗಿಡುವುದು ನಮ್ಮ ಮನೆಯ ಪದ್ಧತಿ; ಕೌದಿ ಹಸಿದಿರಬಾರದಂತೆ. ರೊಟ್ಟಿಯನ್ನು ಕೈಯಲ್ಲೇ ಹಿಡಿದು ಅವ್ವ ಆ ಮೂಲೆಯನ್ನು ನನ್ನ ಮುಂದೆ ಚಾಚಿದಳು.

"ಒಳಗೇನದ, ನೀನೇ ನೋಡು. ಆಮ್ಯಾಲ ಹೊಲಿತೀನಿ."

ನಾನು ಮೊಣಕೈತನಕ ಕೈ ಹಾಕಿ ತಡವಿದೆ. ಬರೀ ಮೆತ್ತನೆ ಬಟ್ಟೆ.

"ಹೊಲಿ," ಎಂದೆ.