ಹೊನ್ನಯ್ಯ ಮುಗಿಸದ ಸೈಲೆನ್ಸರು

ಮಳವಳ್ಳಿಯಲ್ಲಿ ಮದ್ದೂರು ರಸ್ತೆಗೆ ತಿರುಗುವ ಕಡೆ ಹೊನ್ನಯ್ಯನ ವೆಲ್ಡಿಂಗ್ ಶೆಡ್ಡು ಇತ್ತು. ಬೋರ್ಡು ಇರಲಿಲ್ಲ, ಬೇಕಾದವರಿಗೆ ಗೊತ್ತಿತ್ತು. ಆಲೆಮನೆಯ ಕೊಪ್ಪರಿಗೆ ಸೋರಿದರೆ, ಪಂಪ್‌ಸೆಟ್ಟಿನ ಪೈಪು ಸೀಳಿದರೆ, ಗಾಡಿಯ ಅಚ್ಚು ಮುರಿದರೆ ಜನ ಅವನ ಹತ್ತಿರ ತರುತ್ತಿದ್ದರು. ತಂದವರು ಬೈದುಕೊಂಡೇ ಹೋಗುತ್ತಿದ್ದರು. "ಒನ್ನಯ್ಯನ ಕೈಗೆ ಕೊಟ್ರೆ ಒಂದ್ ಅಮಾಸೆ ಕಳೀತದೆ ಕಣ್ಲಾ. ಆದ್ರೆ ಅದೇ ಜಾಗದಲ್ಲಿ ಇನ್ನೊಂದ್ಸಲ ಬಿರುಕು ಬುಡಾಕಿಲ್ಲ" ಅನ್ನುವುದು ಊರಿನ ಮಾತು.

ಕೆಲಸದಷ್ಟೇ ಮಾತಿನಲ್ಲೂ ಅವನು ನಿಧಾನ. ಈ ಕೊರತೆಯನ್ನು ತುಂಬಿಕೊಡಲು ಕೆಂಪಸಿದ್ದಯ್ಯ ಇದ್ದ. ಇಬ್ಬರೂ ಕಿರುಗಾವಲಿನವರು, ಒಂದೇ ನಾಲೆಯಲ್ಲಿ ಈಜು ಕಲಿತವರು. ಕೆಂಪಸಿದ್ದಯ್ಯನ ಅಪ್ಪ ದನದ ದಲ್ಲಾಳಿ. ಆ ಬಾಯಿ ಮಗನಿಗೂ ಬಂದಿತ್ತು. ಹೊನ್ನಯ್ಯನಿಗೆ ಹೆಣ್ಣು ನೋಡಲು ಹೋದಾಗ "ಹುಡುಗಿ ಒಪ್ಪಿಗೆ" ಎಂದು ಹೇಳಿದ್ದೂ ಕೆಂಪಸಿದ್ದಯ್ಯನೇ. ಹೆಂಡತಿ ಅಂಕಮ್ಮ ಈಗಲೂ ಅಣಕಿಸುತ್ತಿದ್ದಳು. "ನನ್ನ ಒಪ್ಕಂಡೋನು ಒಬ್ಬ, ಕಟ್ಕಂಡೋನು ಒಬ್ಬ."

ಎಪ್ಪತ್ನಾಲ್ಕನೇ ಇಸವಿಯ ಮೇ ತಿಂಗಳಲ್ಲಿ ಕೆಂಪಸಿದ್ದಯ್ಯ ತನ್ನ ಹಳೇ ವ್ಯಾನನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದ. ಅದು ಬರುವುದು ಅರ್ಧ ಮೈಲಿ ಮೊದಲೇ ಕೇಳಿಸುತ್ತಿತ್ತು. ಆರು ವರ್ಷದಿಂದ ಅದರಲ್ಲಿ ಶಿವನಸಮುದ್ರದ ಕಡೆಯಿಂದ ಮಂಡ್ಯಕ್ಕೆ ಮೀನು ಸಾಗಿಸುತ್ತಿದ್ದ. ಮೀನಿನ ಮೇಲೆ ಐಸು, ಐಸಿನ ಮೇಲೆ ಉಪ್ಪು. ಕರಗಿದ ಉಪ್ಪುನೀರು ದಿನವೂ ತಳಕ್ಕೆ ಇಳಿದು, ತಳದಿಂದ ಕೆಳಗಿನ ಹೊಗೆ ಕೊಳವೆಯ ಮೇಲೆ ತೊಟ್ಟಿಕ್ಕಿ, ಎರಡನ್ನೂ ತಿಂದುಹಾಕಿತ್ತು.

ಹೊನ್ನಯ್ಯ ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿ, ಸಣ್ಣ ಸುತ್ತಿಗೆಯಿಂದ ಕೊಳವೆಯ ಉದ್ದಕ್ಕೂ ತಟ್ಟುತ್ತಾ ಹೋದ. ಒಳ್ಳೆಯ ಕಬ್ಬಿಣ ಠಣ್ ಅನ್ನುತ್ತದೆ. ಇದು ಒಣಗಿದ ಸೋರೆಬುರುಡೆಯ ಹಾಗೆ ಟೊಳ್ಳಾಗಿ ಸದ್ದು ಮಾಡಿತು. ಸೈಲೆನ್ಸರಿನ ಹೊಟ್ಟೆ ಹೊಲಿಗೆಯುದ್ದಕ್ಕೂ ಬಿಚ್ಚಿಕೊಂಡಿತ್ತು. ಅದರಿಂದ ಹಿಂದಕ್ಕೆ ಹೊಗೆ ಒಯ್ಯುವ ಬಾಲದ ಕೊಳವೆ ಎರಡಡಿ ಉದುರಿಹೋಗಿತ್ತು.

"ಹೊಸಾದು ಹಾಕೋದಾ?" ಎಂದು ಕೆಂಪಸಿದ್ದಯ್ಯ ಬಗ್ಗಿ ಕೇಳಿದ.

"ಈ ಗಾಡಿಗೆ ಎಲ್ಲಿ ಸಿಗ್ತದೆ? ಮಾಡ್ತೀನಿ."

ಐದು ದಿನ ಹಿಡಿಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಒಂದಿಡೀ ದಿನ ಸೀಮೆಎಣ್ಣೆ ಕುಡಿಸಿದ; ಆದರೂ ಎರಡು ತುಂಡಾದವು, ಅವನ್ನು ಕೊರೆದು ತೆಗೆದ. ಸೈಲೆನ್ಸರಿನ ಹೊದಿಕೆಗೆ ಹಳೆಯ ಬೆಲ್ಲದ ಕೊಪ್ಪರಿಗೆಯ ಅಂಚಿನ ತಗಡನ್ನು ಕತ್ತರಿಸಿದ. ಬೆಂಕಿ ಕಂಡ ತಗಡು ಬೆಂಕಿಗೆ ಹೆದರುವುದಿಲ್ಲ ಅನ್ನುವುದು ಅವನ ಲೆಕ್ಕ. ಎಲ್ಲ ಸೇರಿಸಿದ ಮೇಲೆ ಎಂಜಿನ್ ಚಾಲೂ ಮಾಡಿಸಿ, ಕೊಳವೆಯ ಬಾಯಿಗೆ ಒದ್ದೆ ಬಟ್ಟೆ ತುರುಕಿ, ಬೆಸುಗೆಗಳ ಮೇಲೆ ಅಂಟುವಾಳದ ನೊರೆ ಬಳಿದ. ಗುಳ್ಳೆ ಎದ್ದರೆ ಅಲ್ಲಿ ತೂತಿದೆ ಎಂದರ್ಥ. ಒಂದು ಕಡೆ ಎದ್ದಿತು. ಅದನ್ನು ಮತ್ತೆ ಬೆಸೆದ. ಆಮೇಲೆ ಏಳಲಿಲ್ಲ.

ಕೊನೆಗೆ ವ್ಯಾನಿನೊಳಗೆ ಹತ್ತಿ, ಹಿಂದಿನ ರಬ್ಬರ್ ಚಾಪೆ ಎತ್ತಿ ನೋಡಿದ. ತಳದ ತಗಡಿನಲ್ಲಿ ಅಂಗೈಯಗಲದ ತೂತುಗಳು. ಅವುಗಳಿಂದ ಕೆಳಗಿನ ಮಣ್ಣು ಕಾಣುತ್ತಿತ್ತು. ಮೋಟು ಕೊಳವೆಯ ಬಾಯಿ ಸರಿಯಾಗಿ ಅವುಗಳ ಕೆಳಗೇ ಇತ್ತು.

"ಸಿದ್ದಯ್ಯ, ಇನ್ನೂ ಮುಗಿದಿಲ್ಲ. ಬಾಲದ ಕೊಳವೆ ಬಂಪರ್ ದಾಟಿ ಆಚೆ ಬರ್ಬೇಕು. ಈ ತೂತಿಗೆ ತಗಡು ಹೊಡೀಬೇಕು. ಇಲ್ದಿದ್ರೆ ಹೊಗೆ ಒಳೀಕೇ ಬತ್ತದೆ."

"ಮೀನ್ಗೇನ್ಲಾ ಕೆಮ್ಮು ಬತ್ತದಾ?"

ಹೊನ್ನಯ್ಯನಿಗೂ ನಗು ಬಂತು.

"ಮಂಡ್ಯದಲ್ಲಿ ಬಣ್ಣ ಬಳಿಯೋನು ನಾಳೆ ಬುಟ್ರೆ ಸಿಗಾಕಿಲ್ಲ" ಎಂದ ಕೆಂಪಸಿದ್ದಯ್ಯ. "ಬಳ್ಸ್ಕಂಡು ಗುರುವಾರ ಬತ್ತೀನಿ. ಮಿಕ್ಕಿದ್ದು ಆಗ ಮಾಡೀವಂತೆ."

ಮೀನಿನ ಗಾಡಿಗೆ ಯಾಕೆ ಬಣ್ಣ ಎಂದು ಹೊನ್ನಯ್ಯನಿಗೆ ಅನ್ನಿಸಿತು. ಕೇಳಲಿಲ್ಲ. ಎರಡಡಿ ಕೊಳವೆ ಕತ್ತರಿಸಿ ಬಗ್ಗಿಸಿಟ್ಟ, ತಳದ ಅಳತೆಗೆ ತಗಡು ಕತ್ತರಿಸಿಟ್ಟ, ಗುರುವಾರಕ್ಕೆ ಕಾದ.

ಗುರುವಾರ ವ್ಯಾನು ಬಂತು. ಹಳದಿ ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ಒಳಗಿಂದ ಸಾಂಬ್ರಾಣಿಯ ವಾಸನೆ ಬರುತ್ತಿತ್ತು. ಕೆಂಪಸಿದ್ದಯ್ಯನ ಜೊತೆ ಇನ್ನಿಬ್ಬರು ಇಳಿದರು. ಒಬ್ಬರು ಮದ್ದೂರಿನ ಶ್ಯಾಮಣ್ಣ ಮೇಷ್ಟ್ರು. ನಿವೃತ್ತರಾದ ಮೇಲೆ ಸೊಸೆ ಕನಕಲಕ್ಷ್ಮಿಯ ಜೊತೆ ಪುಟ್ಟ ಮಕ್ಕಳ ಶಾಲೆಯೊಂದನ್ನು ತೆಗೆದಿದ್ದರು. ಇನ್ನೊಬ್ಬ ಅವರು ಕರೆತಂದಿದ್ದ ದನದ ದಲ್ಲಾಳಿ ಪುಟ್ಟಮಾದಯ್ಯ. ಮೇಷ್ಟ್ರಿಗೆ ಚೌಕಾಸಿ ಬಾರದು, ಅದಕ್ಕೇ ಅವನು.

"ನೋಡಿ ಮೇಷ್ಟ್ರೇ, ಇವನೇ ಒನ್ನಯ್ಯ" ಎಂದ ಕೆಂಪಸಿದ್ದಯ್ಯ. "ಕೆಳಗಿನ ಕೆಲಸ ಎಲ್ಲಾ ಇವನ ಕೈದು. ಸದ್ದೇ ಇಲ್ಲ, ಕೇಳುದ್ರಲ್ಲ?"

ವ್ಯಾನನ್ನು ಶಾಲೆಗೆ ಮಾರುತ್ತಿದ್ದಾನೆ ಎಂದು ಹೊನ್ನಯ್ಯನಿಗೆ ಅರ್ಥವಾಗುವ ಹೊತ್ತಿಗೆ ಪುಟ್ಟಮಾದಯ್ಯ ಹೆಗಲ ಟವೆಲ್ಲು ತೆಗೆದು ಕೈಮೇಲೆ ಹಾಕಿಕೊಂಡಿದ್ದ. ಕೆಂಪಸಿದ್ದಯ್ಯ ಅದರ ಕೆಳಗೆ ತನ್ನ ಕೈ ತೂರಿಸಿದ. ಎತ್ತಿನ ವ್ಯಾಪಾರದ ಹಾಗೆಯೇ ಬೆರಳು ಒತ್ತಿ ಬೆಲೆ ಹೇಳುವುದು, ಬೆರಳು ಬಿಟ್ಟು ಒಲ್ಲೆ ಅನ್ನುವುದು. ಕೈ ಟವೆಲ್ಲಿನ ಕೆಳಗಿರುವಾಗ ಪಕ್ಕದಲ್ಲಿ ನಿಂತವರು ಮಾಲಿನ ಬಗ್ಗೆ ತುಟಿ ಬಿಚ್ಚಬಾರದು. ಬಿಚ್ಚಿದವನು ವ್ಯಾಪಾರ ಕೆಡಿಸಿದವನು. ಅಂಥವನನ್ನು ಮುಂದೆ ಯಾವ ದನದ ಹತ್ತಿರವೂ ನಿಲ್ಲಲು ಬಿಡುವುದಿಲ್ಲ. ಈ ಕಟ್ಟಳೆ ಆ ಸೀಮೆಯಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಮೇಷ್ಟ್ರಿಗೆ ಮಾತ್ರ ಗೊತ್ತಿರಲಿಲ್ಲ.

"ನೀವೇನು ಹೇಳ್ತೀರಿ ಹೊನ್ನಯ್ಯನೋರೆ?" ಎಂದು ಅವರು ಸಲೀಸಾಗಿ ಕೇಳಿದರು. "ಹದಿನೈದು ಮಕ್ಕಳನ್ನ ಕೂರಿಸಬಹುದಾ?"

ಪುಟ್ಟಮಾದಯ್ಯ ತಲೆಯೆತ್ತಿ ಹೊನ್ನಯ್ಯನನ್ನು ದುರುಗುಟ್ಟಿ ನೋಡಿದ. ಕೆಂಪಸಿದ್ದಯ್ಯ ನೋಡಲೇ ಇಲ್ಲ. ಟವೆಲ್ಲಿನ ಮಡಿಕೆ ಅಲ್ಲಾಡುತ್ತಿತ್ತು. "ಕೂರಿಸಬಾರದು" ಅನ್ನುವ ಮಾತು ಹೊನ್ನಯ್ಯನ ಗಂಟಲವರೆಗೆ ಬಂದಿತ್ತು. ಕೈ ಹೊರಗೆ ಬಂದ ಕೂಡಲೇ ಹೇಳೋಣ, ಅರ್ಧ ನಿಮಿಷದ ಮಾತು, ಅಂದುಕೊಂಡ.

"ಅವನಿಗೆ ಮಾತು ಕಮ್ಮಿ ಮೇಷ್ಟ್ರೇ" ಎಂದ ಕೆಂಪಸಿದ್ದಯ್ಯ. "ಕೆಟ್ಟದಿದ್ರೆ ಆಗ್ಲೇ ಅಂದಿರ್ತಿದ್ದ."

ಕೈಗಳು ಹೊರಬಂದವು. ಕೀಲಿಯನ್ನು ಹಸುವಿನ ಹಗ್ಗದ ತುಂಡಿಗೆ ಕಟ್ಟಿ ಮೇಷ್ಟ್ರ ಕೈಗಿಟ್ಟದ್ದೂ ಆಯಿತು. ಹಗ್ಗ ಕೈ ಬದಲಾದ ಮೇಲೆ ಮಾತು ಮುಗಿಯಿತು ಎಂದೇ ಲೆಕ್ಕ. ಮೇಷ್ಟ್ರು ಹೊನ್ನಯ್ಯನಿಗೂ ಕೈ ಮುಗಿದರು.

ಹೊನ್ನಯ್ಯ ಸ್ನೇಹಿತನ ರಟ್ಟೆ ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದ. "ಏನ್ಲಾ ಇದು? ಮಕ್ಳು ಕೂರೋ ಗಾಡಿ. ತಳ ತೂತಾಗದೆ."

"ಗೊತ್ತು ಕಣ್ಲಾ, ನಂಗೆ ಗೊತ್ತಿಲ್ವಾ? ಇಸ್ಕೂಲು ತೆಗೆಯಾಕೆ ಇನ್ನೂ ಹತ್ತು ದಿನ ಅದೆ. ನಾನೇ ಮೇಷ್ಟ್ರಿಗೆ ಯೋಳಿ, ಗಾಡಿ ತಂದು ನಿನ್ ಮುಂದೆ ನಿಲ್ಲಿಸ್ತೀನಿ. ಈಗ್ಲೇ ಬಾಯ್ ಬುಟ್ಟು ನನ್ ಮಾನ ತೆಗೀಬೇಡ."

"ಯೋಳ್ತೀಯ?"

"ನಿನ್ ಮೇಲಾಣೆ."

ಆಣೆಯನ್ನು ಹೊನ್ನಯ್ಯ ನಂಬಿದ. ಮೂವತ್ತು ವರ್ಷದಲ್ಲಿ ಕೆಂಪಸಿದ್ದಯ್ಯ ಅವನ ತಲೆಯ ಮೇಲೆ ಆಣೆಯಿಟ್ಟದ್ದು ಅದೇ ಮೊದಲು.

ಹತ್ತು ದಿನವೂ ಅವನು ಶೆಡ್ಡು ಬಿಟ್ಟು ಕದಲಲಿಲ್ಲ. ಮೈದುನನ ಮನೆಯ ನಾಮಕರಣಕ್ಕೂ ಹೋಗಲಿಲ್ಲ. ಮದ್ದೂರಿನ ಕಡೆಯಿಂದ ಯಾವ ಗಾಡಿ ಬಂದರೂ ಎದ್ದು ನೋಡಿ, ಮತ್ತೆ ಕುಳಿತುಕೊಳ್ಳುತ್ತಿದ್ದ. ಶಾಲೆ ತೆಗೆಯುವ ಸೋಮವಾರವೂ ಕಳೆಯಿತು. ಅಂದು ಸಂಜೆ ಅಂಕಮ್ಮನಿಗೆ ಎಲ್ಲ ಹೇಳಿದ.

ಅಂಕಮ್ಮ ಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಅವ್ರು ನಿನ್ನ ಕೇಳುದ್ರು, ನೀನು ಸುಮ್ಕಿದ್ದೆ?"

"ಟವೆಲ್ ಕೆಳಗೆ ಕೈ ಇತ್ತು ಕಣೆ."

"ಅವ್ರ ಕೈ ಇತ್ತು. ನಿನ್ ಬಾಯೇನು ಟವೆಲ್ ಕೆಳಗಿತ್ತಾ?"

ಅವನು ರಾತ್ರಿಯೇ ಸಾಮಾನು ತೆಗೆದಿಟ್ಟ. ಬೆಳಿಗ್ಗೆ ಮೊದಲ ಬಸ್ಸಿಗೆ ಕೊಳವೆ, ತಗಡು, ರಿವೆಟ್ಟು, ಕೈ ಡ್ರಿಲ್ಲು ಎಲ್ಲವನ್ನೂ ಗೋಣಿಯಲ್ಲಿ ಸುತ್ತಿಕೊಂಡು ಹತ್ತಿದ. ಕಂಡಕ್ಟರು ಲಗೇಜು ಮೇಲೆ ಹಾಕು ಎಂದರೂ ಕೇಳದೆ, ಮದ್ದೂರಿನವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಕುಳಿತ. ಮೇಷ್ಟ್ರಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. 'ತಪ್ಪು ನಂದೂ ಇದೆ. ಅವತ್ತೇ ಹೇಳಬೇಕಾಗಿತ್ತು.' ಇಷ್ಟೇ.

ಶಾಲೆಯೆಂದರೆ ಮೇಷ್ಟ್ರ ಮನೆಯ ಮುಂದಿನ ಹಜಾರ. ಹಳದಿ ವ್ಯಾನು ಬೀದಿಯಲ್ಲಿ ಬಾಗಿಲು ತೆರೆದುಕೊಂಡು ನಿಂತಿತ್ತು. ರಬ್ಬರ್ ಚಾಪೆಯನ್ನು ಯಾರೋ ಎಳೆದು ಹೊರಗೆ ಹಾಕಿದ್ದರು. ಮಕ್ಕಳ ಸದ್ದು ಇರಲಿಲ್ಲ.

ಕನಕಲಕ್ಷ್ಮಿ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಾಗಿಲಿಗೆ ಬಂದಳು. "ಯಾರು ಬೇಕಾಗಿತ್ತು?"

"ನಾನು ಮಳವಳ್ಳಿ ಹೊನ್ನಯ್ಯ. ವ್ಯಾನು..."

"ಓ. ನೀವೇನಾ?" ಅವಳು ಧ್ವನಿ ಏರಿಸಲಿಲ್ಲ. "ನಿನ್ನೆ ನಾನು ಹಿಂದಿನ ಸೀಟಲ್ಲಿ ಮಕ್ಕಳ ಜೊತೆ ಕೂತಿದ್ದೆ. ಹಳ್ಳಿಗಳನ್ನ ಸುತ್ತಿ ಬರೋಷ್ಟರಲ್ಲಿ ನನಗೆ ವಾಂತಿ. ಮೂರು ಮಕ್ಕಳು ತೂಕಡಿಸಿ ಬಿದ್ದವು, ಎಬ್ಬಿಸಿದರೂ ಏಳಲಿಲ್ಲ. ಕೆಳಗಿಳಿಸಿ ಗಾಳಿ ಹಾಕಿದ ಮೇಲೆ ಕಣ್ಣು ಬಿಟ್ಟವು."

ಹೊನ್ನಯ್ಯ ಗೋಣಿಯನ್ನು ನೆಲಕ್ಕಿಳಿಸಿದ. "ಈಗ?"

"ಈಗ ಚೆನ್ನಾಗಿದಾವೆ. ಇನ್ನು ಅವರಮ್ಮಂದಿರು ಕಳಿಸಬೇಕಲ್ಲ."

ಶ್ಯಾಮಣ್ಣ ಮೇಷ್ಟ್ರು ಒಳಗಿನಿಂದ ಬಂದರು. ಕೈ ಮುಗಿಯಲಿಲ್ಲ. "ನಿನ್ನೆ ಸಾಯಂಕಾಲವೇ ಕಿರುಗಾವಲಿಗೆ ಹೋಗಿದ್ದೆ ಹೊನ್ನಯ್ಯ. ಕೆಂಪಸಿದ್ದಯ್ಯನೋರು ಪಾಪ, ಹಣೆ ಚಚ್ಚಿಕೊಂಡರು. ತಳ ಮುಚ್ಚೋಕೆ ನಿಮಗೆ ಹೇಳಿದ್ದರಂತೆ. ನೀವು ಎಲ್ಲಾ ಮುಗಿಸಿದೀನಿ ಅಂದಿರಂತೆ. ಆ ಮನುಷ್ಯ ನಿಮ್ಮನ್ನ ಎಷ್ಟು ನಂಬಿದ್ದರು! ಅವರ ಸಂಕಟ ನನಗೆ ನೋಡಕ್ಕಾಗಲಿಲ್ಲ."

ಹೊನ್ನಯ್ಯ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಈಗ ಹೇಳುವಂತಿರಲಿಲ್ಲ. 'ತಪ್ಪು ನಂದೂ ಇದೆ' ಎಂದರೆ ಎಲ್ಲ ತಪ್ಪೂ ತನ್ನದೇ ಎಂದಾಗುತ್ತಿತ್ತು. ಇಲ್ಲ ಎಂದರೆ ಸ್ನೇಹಿತನ ಮೇಲೆ ಚಾಡಿ ಹೇಳಿದಂತಾಗುತ್ತಿತ್ತು. ಗೋಣಿ ಬಿಚ್ಚಿ ಕೊಳವೆ, ತಗಡು ಎರಡನ್ನೂ ಜಗುಲಿಯ ಮೇಲಿಟ್ಟ.

"ಇವನ್ನ ಅವತ್ತಿಗೂ ಮೊದಲೇ ಕತ್ತರಿಸಿಟ್ಟಿದ್ದೆ ಸ್ವಾಮಿ. ಅಳತೆ ಹಾಕಿ ನೋಡಿ. ಮುಗಿದಿಲ್ಲ ಅಂತ ನಾನು ಅವನಿಗೆ ಹೇಳಿದ್ದೆ. ನಿಮಗೆ ಹೇಳಲಿಲ್ಲ. ಅದು ನನ್ನ ತಪ್ಪು. ಅಷ್ಟು ಮಾತ್ರ ನನ್ನದು."

ಮೇಷ್ಟ್ರು ತಗಡನ್ನು ನೋಡಿದರು, ಅವನನ್ನು ನೋಡಿದರು. ನಂಬಿದರೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. "ಮಾಡೋದಾದರೆ ಮಾಡಿ" ಎಂದರು.

ಸೂರ್ಯ ನೆತ್ತಿ ದಾಟುವವರೆಗೆ ಅವನು ವ್ಯಾನಿನ ಕೆಳಗೇ ಇದ್ದ. ತಗಡು ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಅಂಚಿಗೆಲ್ಲ ಡಾಂಬರು ಮೆತ್ತಿದ. ಕೊಳವೆಯನ್ನು ಬಂಪರಿನಾಚೆ ಒಂದು ಗೇಣು ಬರುವಂತೆ ಪಟ್ಟಿ ಹಾಕಿ ಬಿಗಿದ. ಆಮೇಲೆ ಎಂಜಿನ್ ಚಾಲೂ ಮಾಡಿಸಿ, ತಾನೇ ಹಿಂದಿನ ಸೀಟಿನಲ್ಲಿ ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡು ಅರ್ಧ ಗಂಟೆ ಕುಳಿತ. ಬಿಸಿಲಿಗೆ ಬೆವರು ನೀರಾಗಿ ಇಳಿಯಿತು. ಹೊಗೆಯ ವಾಸನೆ ಬರಲಿಲ್ಲ. ಮೀನಿನದು ಒಂದಿಷ್ಟು ಬಂತು. ಅದನ್ನೂ ಇಳಿದ ಮೇಲೆ ಹೇಳಿದ.

"ಇದು ಮೀನಿನ ಗಾಡಿಯಾಗಿತ್ತು ಸ್ವಾಮಿ."

"ನಿನ್ನೆ ನಾಲ್ಕು ಹನಿ ಮಳೆ ಬಿತ್ತಲ್ಲ, ಆಗಲೇ ವಾಸನೆ ಎದ್ದು ಗೊತ್ತಾಯಿತು" ಎಂದಳು ಕನಕಲಕ್ಷ್ಮಿ. ಅವಳು ಕೊಟ್ಟ ಮಜ್ಜಿಗೆಯನ್ನು ಹೊನ್ನಯ್ಯ ನಿಂತೇ ಕುಡಿದ. ಹೊರಡುವಾಗ ಮೇಷ್ಟ್ರು, "ಮುಂದೆ ಏನಾದರೂ ಕೆಟ್ಟರೆ ಮಂಡ್ಯದಲ್ಲೇ ತೋರಿಸ್ತೀವಿ" ಎಂದರು. ಬೈಗುಳವಲ್ಲ, ಬರೀ ತಿಳಿಸಿದ್ದು. ಅವನು ತಲೆಯಾಡಿಸಿದ.

ವಾರ ಕಳೆದ ಮೇಲೆ ಕೆಂಪಸಿದ್ದಯ್ಯ ಶೆಡ್ಡಿಗೆ ಬಂದ. ಮುಖ ಕೆಂಪಾಗಿತ್ತು.

"ಮದ್ದೂರ್ಗೆ ಓಗಿದ್ಯಂತೆ. ನನ್ನ ಸುಳ್ಗಾರ ಮಾಡ್ಬುಟ್ಟೆಯಲ್ಲೋ. ಪುಟ್ಟಮಾದಯ್ಯ ದನದ ಸಂತೇಲಿ ಎಲ್ರ ಮುಂದೆ ಕೇಳ್ತಾನೆ. ಎಷ್ಟ್ ವರ್ಸದ ಸ್ನೇಹ ನಮ್ದು? ಬೆನ್ನಿಗೆ ಚೂರಿ ಹಾಕ್ದಂಗಾಯ್ತು."

ಹೊನ್ನಯ್ಯ ಉರಿಯುತ್ತಿದ್ದ ಗ್ಯಾಸು ಆರಿಸಿದ. "ಮಕ್ಳು ಎಚ್ಚರ ತಪ್ಪಿದ್ವು ಸಿದ್ದಯ್ಯ."

"ಸತ್ವಾ? ಇಲ್ವಲ್ಲ. ನಾನೇನು ನಿಂಗೆ ಸುಳ್ಳು ಯೋಳು ಅಂದ್ನಾ? ನೀನೇ ಸುಮ್ಕಿದ್ದೆ."

ಅದು ನಿಜವಾಗಿತ್ತು. ಆ ನಿಜವನ್ನು ಕೆಂಪಸಿದ್ದಯ್ಯ ಮೊದಲೇ ಎಣಿಸಿಟ್ಟುಕೊಂಡಿದ್ದ ಅನ್ನುವುದು ಹೊನ್ನಯ್ಯನಿಗೆ ಆಗ ತಿಳಿಯಿತು. ಮೇಷ್ಟ್ರನ್ನು ಶೆಡ್ಡಿಗೆ ಕರೆತಂದದ್ದು, ಅಲ್ಲೇ ಟವೆಲ್ಲು ಹಾಕಿಸಿದ್ದು, ಇವನು ಬಾಯಿ ಬಿಡುವುದಿಲ್ಲ ಎಂದು ಗೊತ್ತಿದ್ದೇ. ಚಿಕ್ಕಂದಿನಿಂದ ಅವನನ್ನು ಅಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

"ಊಂ, ಸುಮ್ಕಿದ್ದೆ" ಎಂದ ಹೊನ್ನಯ್ಯ. "ಅದುನ್ನ ಓಗಿ ಒಪ್ಕಂಡೆ. ನಿಂದು ನೀನು ಓಗಿ ಒಪ್ಕೊ. ಆಮೇಲೆ ಈ ಕಡೆ ಬಾ."

ಕೆಂಪಸಿದ್ದಯ್ಯ ನಕ್ಕ, ಹುಡುಗಾಟ ಎಂದುಕೊಂಡು. ಹೊನ್ನಯ್ಯ ನಗದಿದ್ದಾಗ ಎಲೆಯಡಿಕೆ ಉಗಿದು ಹೊರಟುಹೋದ.

ಮೇಷ್ಟ್ರ ಶಾಲೆಗೆ ಮಕ್ಕಳು ಒಬ್ಬೊಬ್ಬರಾಗಿ ತಿರುಗಿ ಬಂದರು ಎಂದು ಬಸ್ಸಿನವರಿಂದ ಸುದ್ದಿ ತಿಳಿಯಿತು. ಮದ್ದೂರಿನಿಂದ ಶೆಡ್ಡಿಗೆ ಬರುತ್ತಿದ್ದ ಕೆಲಸ ಮಾತ್ರ ನಿಂತಿತು. ಕಿರುಗಾವಲಿನ ಕಡೆಯವರು ಸಿಕ್ಕಾಗ, "ಯಾಕ್ಲಾ, ನಿನ್ ಸ್ನೇಯಿತ ಈಚೆಗೆ ಇತ್ಲಾಗೆ ಕಾಣಾಕಿಲ್ಲ?" ಎಂದು ಕೇಳುತ್ತಿದ್ದರು.

"ಅವನ ಹತ್ರ ಈಗ ವ್ಯಾನಿಲ್ಲ" ಎನ್ನುತ್ತಿದ್ದ ಹೊನ್ನಯ್ಯ.