ಎತ್ತಿನ ಬಾಯಿಂದ ಜಾರುವ ಮಕ್ಕಳು

ಜಾರುಬಂಡೆಯ ನಕ್ಷೆಯ ಕೆಳಗೆ ತಂಗಿ ಕಸ್ತೂರಿಯ ಹೆಸರು ಬರೆಯಬೇಕಿತ್ತು. ನಾನು ನನ್ನ ಹೆಸರೊಂದನ್ನೇ ಬರೆದೆ.

ನಮ್ಮೂರ ಪಾರ್ಕಿನವರು ಮಕ್ಕಳ ಆಟಗಳ ವಿನ್ಯಾಸವನ್ನು ಹೊರಗಿನ ಗುತ್ತಿಗೆದಾರರಿಗೆ ವಹಿಸಿದ್ದರು. ಸಿಮೆಂಟ್ ಮೂರ್ತಿ ಮಾಡುವ ನನಗೂ ಒಂದು ಜಾರುಬಂಡೆಯ ಕೆಲಸ ಸಿಕ್ಕಿತ್ತು, ಆದರೆ ಏನೂ ಹೊಳೆದಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಗಂಡನೂರು ಯಂಕಂಚಿಯಿಂದ ತವರಿಗೆ ಬಂದಿದ್ದ ಕಸ್ತೂರಿ, ಪೂಜೆಗೆ ಮಣ್ಣಿನ ಎತ್ತು ಮಾಡುತ್ತ ಅದರ ಹೊಟ್ಟೆಗೆ ಬೆರಳು ತೂರಿಸಿ, “ಅಣ್ಣಾ, ಹುಡುಗ್ರು ಬಾಲದ ಕಡಿ ಹತ್ತಿ ಬಾಯಾಗಿಂದ ಜಾರ್ಲಿ ನೋಡು” ಎಂದು ನಕ್ಕಳು. ನಾನು ಅದನ್ನೇ ನಕ್ಷೆ ಬರೆದು ಪಾರ್ಕಿನವರಿಗೆ ಕೊಟ್ಟೆ.

ಪಾರ್ಕಿನ ಫಲಕದಲ್ಲಿ ನನ್ನ ಹೆಸರಷ್ಟೇ ಕಂಡ ಮೇಲೆ ಅವಳು ತವರಿಗೆ ಬರಲಿಲ್ಲ. ಮೂರು ವರ್ಷ, ಹಬ್ಬ ಬಂದಾಗಲೆಲ್ಲ ಅವಳೂರ ಕಡೆಯ ಸಿಂದಗಿ ಬಸ್ಸು ನಿಂತರೆ ಇಣುಕುತ್ತಿದ್ದೆ. ಫೋನ್ ಮಾಡಲು ಮುಖವಿರಲಿಲ್ಲ.

ಮೊನ್ನೆ ಆ ಎತ್ತಿಗೆ ಬಣ್ಣ ಬಳಿಯಲು ಹೋಗಿ ಅದರ ಹಿಂದೆ ಕುಳಿತಿದ್ದೆ. ಮಗಳನ್ನು ಆಡಿಸಲು ಬಂದಿದ್ದ ಕಸ್ತೂರಿಯ ದನಿ ಆಚೆಯಿಂದ ಕೇಳಿಸಿತು. ಮಗಳಿಗೆ ಹೇಳುತ್ತಿದ್ದಳು: “ನಿಮ್ಮ ಮಾಮಾ ಮಾಡ್ಯಾನ. ಅಂವನ ಕೈಕೆಲಸ ಭಾಳ ಚಂದ.”

ಬಣ್ಣದ ಕೈಯಲ್ಲೇ ಎದ್ದು ಎದುರು ಹೋದೆ. “ಇಲ್ಲವ್ವಾ ಕೂಸ, ಎತ್ತು ನಿಮ್ಮವ್ವಂದು. ನಾ ಸಿಮೆಂಟ್ ಅಷ್ಟ ಬಡದೇನಿ” ಎಂದೆ ಮಗುವಿಗೆ. ಆಮೇಲೆ ತಂಗಿಯತ್ತ ತಿರುಗಿದೆ. “ತಪ್ಪಾತು ಕಸ್ತೂರಿ. ಮನಿಗಿ ಬಾರವ್ವಾ.”