ಆಲ್ಬಮ್‌ನಲ್ಲಿ ಇಲ್ಲದ ನನ್ನ ದನಿ

ಮದುವೆಗೆ ಮೊದಲು ಎರಡು ವರ್ಷ ನಾನು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಈ ಮಾತನ್ನು ನಲವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಸುರಪುರದ ಶಾಲೆಯಲ್ಲಿ ಜೊತೆಗಿದ್ದ ಶಿಕ್ಷಕಿಯರಿಗೆ ಹೇಳಲಿಲ್ಲ, ಮಕ್ಕಳಿಗೆ ಹೇಳಲಿಲ್ಲ. ಗಂಡನಿಗಂತೂ ಇಲ್ಲವೇ ಇಲ್ಲ.

ನಮ್ಮಪ್ಪ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಅದೇ ಇಲಾಖೆಯ ಕ್ಯಾಂಪಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರೊಬ್ಬರು ಗಿಟಾರ್ ಬಾರಿಸುತ್ತಿದ್ದರು; ಆ ಆರ್ಕೆಸ್ಟ್ರಾ ಕಟ್ಟಿದವರು ಅವರೇ. ವರ್ಗವಾಗಿ ಹೋದ ಎಂಜಿನಿಯರೊಬ್ಬರು ಬಿಟ್ಟುಹೋದ ಹೊರದೇಶದ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ ತಾವೇ ಕಲಿತ ವಿದ್ಯೆ ಅದು. ಮದುವೆ ಮನೆಗಳಲ್ಲಿ ಸಿನಿಮಾ ಹಾಡು ಬಾರಿಸಿ, ಜನ ಊಟಕ್ಕೆ ಏಳುವ ಹೊತ್ತಿಗೆ ತಾವೇ ಕಟ್ಟಿದ ಒಂದು ಹಾಡು ಎತ್ತಿಕೊಳ್ಳುತ್ತಿದ್ದರು. ಅದಕ್ಕೆ ಬ್ಲೂಸ್ ರಾಕ್ ಎನ್ನುತ್ತಾರಂತೆ. ಹಾಗೆಂದರೇನು ಎಂದು ಒಮ್ಮೆ ಕೇಳಿದ್ದೆ.

"ಅಳೂದ ಅದ, ತಂಗಿ. ಆದ್ರ ಕುಂತು ಅಳೂದಲ್ಲ, ನಿಂತು ಅಳೂದು," ಎಂದರು.

ಒಂದು ಮಧ್ಯಾಹ್ನ ಕ್ಯಾಂಪಿನ ಸಮುದಾಯ ಭವನದಲ್ಲಿ ಫ್ಯಾನ್ ಬಂದ್ ಮಾಡಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ನನ್ನಿಂದ ಒಂದು ಹಾಡು ಹಾಡಿಸಿ ಟೇಪ್ ಮಾಡಿಕೊಂಡರು. ಕಾಲುವೆ ಅಗೆಯಲು ಹೋದ ಗಂಡ ಮರಳಿ ಬಾರದ ಹೆಂಗಸಿನ ಹಾಡು ಅದು. ಬೆವರಿ ಕುಪ್ಪಸ ತೊಯ್ದು ಹೋಗಿತ್ತು. ಮೂರನೆಯ ಸಲಕ್ಕೆ ಸರಿ ಬಂತು. ನಾನು ಟೇಪಿಗೆ ಹಾಡಿದ್ದು ಅದೊಂದೇ.

ಆಮೇಲೆ ಕಕ್ಕೇರಾದಿಂದ ಸಂಬಂಧ ಬಂತು. ಅಪ್ಪ ನನ್ನನ್ನು ಒಳಗೆ ಕರೆದು, "ಹಾಡಿಂದು ಬಾಯಿ ಬಿಡಬ್ಯಾಡ. ಆರ್ಕೆಸ್ಟ್ರಾದಾಗ ಹಾಡಾಕಿ ಅಂದ್ರ ಆ ಮಂದಿ ಏನ್ ತಿಳ್ಕೋತಾರೋ," ಎಂದರು. ನಾನು ಬಾಯಿ ಬಿಡಲಿಲ್ಲ. ಮುಂದೆ ಶಿಕ್ಷಕಿಯಾದ ಮೇಲೂ ಪ್ರಾರ್ಥನೆಯ ಹೊತ್ತಿಗೆ ತುಟಿಯಷ್ಟೇ ಆಡಿಸುತ್ತಿದ್ದೆ.

ಹೋದ ವರ್ಷ ಆ ಗಿಟಾರಿನವರ ಫೋನು ಬಂತು. ದನಿ ಎಷ್ಟು ಸಣ್ಣಗಾಗಿತ್ತೆಂದರೆ ಯಾರೆಂದು ತಿಳಿಯಲು ಹೊತ್ತು ಹಿಡಿಯಿತು. ಯಾದಗಿರಿಯ ಕೆಲವು ಹುಡುಗರು ಅವರ ಇಷ್ಟೂ ವರ್ಷಗಳ ಹಾಡುಗಳನ್ನು ಆರಿಸಿ ಒಂದೇ ಆಲ್ಬಮ್ ಮಾಡುತ್ತಿದ್ದರು.

"ನಿಂದೂ ಒಂದು ಅದ, ತಂಗಿ. ಹಾಕ್ಲೇನು?"

ಅಡುಗೆಮನೆಯ ಬಾಗಿಲು ಎಳೆದುಕೊಂಡು, "ಬ್ಯಾಡ್ರಿ ಅಣ್ಣಾರ. ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ," ಎಂದೆ.

"ಆಯ್ತವ್ವ. ನಿನ್ನ ಮಾತು ಮೀರಂಗಿಲ್ಲ," ಎಂದು ಫೋನಿಟ್ಟರು.

ಆಲ್ಬಮ್ ಬಂದಾಗ ಕದ್ದು ಕೇಳಿದೆ. ಆ ಹಾಡು ಇತ್ತು, ನನ್ನ ದನಿ ಇರಲಿಲ್ಲ. ನಾನು ಹಾಡಿದ್ದ ಧಾಟಿಯನ್ನು ಅವರು ಈ ವಯಸ್ಸಿನಲ್ಲಿ ಹೊಸದಾಗಿ ಗಿಟಾರಿನಲ್ಲಿ ಬಾರಿಸಿದ್ದರು. ನಾನು ಎಲ್ಲೆಲ್ಲಿ ಉಸಿರು ತೆಗೆದುಕೊಂಡಿದ್ದೆನೋ ಅಲ್ಲೆಲ್ಲ ಗಿಟಾರೂ ನಿಂತು ಮುಂದೆ ಹೋಗುತ್ತಿತ್ತು.

ಎರಡು ದಿನದ ಮೇಲೆ ನಮ್ಮವರು ಮೊಬೈಲ್ ಹಿಡಿದುಕೊಂಡು ಬಂದು ಎದುರಿಗೆ ಕೂತರು. "ಭೀಮರಾಯನಗುಡಿಯವರ ಹಾಡು ಎರಡೆರಡು ಸಲ ಕೇಳ್ದೆ. ನಿನ್ನ ದನಿ ಎಲ್ಲೂ ಸಿಗವಲ್ದು," ಎಂದರು.

"ನಿಮಗ ಹ್ಯಾಂಗ ಗೊತ್ತು?"

"ನೀ ಅವರ ಜೋಡಿ ಹಾಡ್ತಿದ್ದಿ ಅಂತ ಲಗ್ನಕ್ಕ ಮೊದಲ ನಿಮ್ಮಪ್ಪಾರ ಹೇಳಿದ್ರು. 'ನಿಮ್ಮ ಅವ್ವ ಅಪ್ಪಗ ಹೇಳಬ್ಯಾಡ್ರಿ, ನಿಮಗಷ್ಟ ಗೊತ್ತಿರಲಿ' ಅಂದ್ರು. ನೀನೂ ಒಂದಿನ ಆ ಮಾತು ಎತ್ತಲಿಲ್ಲ. ಬ್ಯಾಸರಾಗಿ ಬಿಟ್ಟೀ ಅನ್ಕೊಂಡೆ."

"ನೀವರ ಕೇಳಬಾರದಿತ್ತೇನು?"

"ಕೇಳಬೇಕಿತ್ತು," ಎಂದರು.

ಅವರ ಮೇಲೆ ಸಿಟ್ಟು ಬರಲಿಲ್ಲ. ಅಪ್ಪನ ಮೇಲೆ ಬಂತು; ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿದೆ. ದನಿ ಹಾಕಬ್ಯಾಡ್ರಿ ಎಂದವಳು ನಾನೇ ಎಂದು ರಾತ್ರಿ ಹೇಳಿದೆ; "ನಾಳೆ ಹೋಗಿ ಬರೂಣು," ಎಂದರು ನಮ್ಮವರು.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಶಹಾಪುರದ ಮೇಲೆ ಭೀಮರಾಯನಗುಡಿಗೆ ಹೋದೆವು. ಗಿಟಾರಿನ ಅಣ್ಣಾರು ಮಂಚದ ಮೇಲಿದ್ದರು. ಶ್ವಾಸಕೋಶದ ಕಾಯಿಲೆ, ಒಂದೊಂದು ಮಾತಿಗೂ ದಮ್ಮು. ಅವರ ಮಗ ಹಳೆಯ ಟೇಪ್ ಹಚ್ಚಿದ. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಯಾರಿಗೂ ಅಂಜದೆ ಹಾಡುತ್ತಿದ್ದಳು. ಅವಳು ನಾನೆಂದು ನಂಬಲಿಕ್ಕೆ ಆಗಲಿಲ್ಲ. ನಮ್ಮವರು ತಲೆ ತಗ್ಗಿಸಿ ಕೇಳಿದರು, ಮುಗಿದ ಮೇಲೆ, "ಇನ್ನೊಮ್ಮೆ ಹಚ್ಚಪಾ," ಎಂದರು.

"ಅಣ್ಣಾರ, ಇದನ್ನ ಹಾಕ್ರಿ," ಎಂದೆ.

ಅವರು ನಕ್ಕರು. ನಗಲು ಹೋಗಿ ಕೆಮ್ಮು ಹತ್ತಿತು. "ಗಿಟಾರ್ನಾಗ ನಿನ್ನಂಗ ಹಾಡಾಕ ಭಾಳ ತ್ರಾಸ ಆತವ್ವ," ಎಂದರು. "ನಾಕ್ ದಿನ ಹಿಡೀತು."

ನಾನು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಬಂದುಬಿಟ್ಟೆ.

ಇಪ್ಪತ್ತು ದಿನಕ್ಕೆ ಅಣ್ಣಾರು ತೀರಿಹೋದರು. ಮಣ್ಣಿಗೆ ಹೋಗಿ ಬಂದೆವು. ತಿಂಗಳಾದ ಮೇಲೆ ಅವರ ಮಗ ಫೋನ್ ಮಾಡಿ, ಆ ಹಾಡನ್ನು ಬೇರೆಯಾಗಿಯೇ ಬಿಡುವುದಾಗಿ ಹೇಳಿದ. "ಹಾಡಿದವ್ರ ಹೆಸ್ರು ಹಾಕ್ಬೇಕ್ರಿ ಅಕ್ಕಾರ, ಏನಂತ ಹಾಕ್ಲಿ?" ಎಂದು ಕೇಳಿದ. ಅಪ್ಪನ ಹೆಸರಿಲ್ಲದೆ, ಗಂಡನ ಹೆಸರಿಲ್ಲದೆ, ನನ್ನ ಹೆಸರಷ್ಟನ್ನೇ ಹೇಳಿದೆ.

ಹಾಡು ಬಂತು. ಕೆಲವರು ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿ, "ಟೀಚರ್, ನೀವ ಏನ್ರಿ?" ಎಂದು ಕೇಳಿದರು. ಹೌದು ಎಂದೆ. ಆ ಹೌದನ್ನು ನಾನು ಅಣ್ಣಾರಿಗೆ, "ಹಾಕ್ಲೇನು?" ಎಂದು ಅವರು ಕೇಳಿದ ಮೊದಲ ಫೋನಿನಲ್ಲೇ ಹೇಳಬೇಕಿತ್ತು.